ಪರದೆಯ ಮೇಲೆ ಕರಗಿದ ಬಡಾವಣೆ

ಬೊಜ್ಜು ಇಳಿಸಲು ಸರ್ಕಾರ ಯಾವ ಯೋಜನೆ ತಂದರೆ ಏನಾಗುತ್ತದೆ ಎಂದು ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ನನ್ನ ಕೆಲಸ. ಅದರೊಳಗೆ ಒಂದು ಬಡಾವಣೆ ಕಟ್ಟುತ್ತೇವೆ. ಒಬ್ಬೊಬ್ಬ ಮನುಷ್ಯನೂ ಒಂದೊಂದು ಚುಕ್ಕೆ. ತಿಂದರೆ ಚುಕ್ಕೆ ಊದುತ್ತದೆ, ನಡೆದರೆ ಇಳಿಯುತ್ತದೆ. ತಂಪು ಪಾನೀಯಕ್ಕೆ ತೆರಿಗೆ ಹಾಕಿ, ಪಾರ್ಕು ಕಟ್ಟಿಸಿ, ಹತ್ತು ವರ್ಷವನ್ನು ಹತ್ತು ನಿಮಿಷದಲ್ಲಿ ದಾಟಿಸಬಹುದು. ಇಂಥ ಕೆಲಸ ಮಾಡುವವನೇ ದಪ್ಪಗಿದ್ದರೆ ಜನ ನಗುತ್ತಾರೆ. ನಕ್ಕರು ಕೂಡ. ಹಾಗಾಗಿ ಆ ವರ್ಷ ಊಟ ಅರ್ಧಕ್ಕೆ ಇಳಿಸಿದ್ದೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುವುದರಲ್ಲಿ ನನಗೊಂದು ಜಂಬವೇ ಬಂದುಬಿಟ್ಟಿತ್ತು. ಪ್ಯಾಂಟು ಸಡಿಲವಾಯಿತು.

ಅದೇ ವರ್ಷ ನನ್ನ ಹೆಂಡತಿ ದಪ್ಪಗಾದಳು. ಮಂಡಿನೋವು ಶುರುವಾಯಿತು. ತೂಕ ಇಳಿಯದಿದ್ದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಅವಳಿಗೆ ಆಪರೇಷನ್ ಎಂದರೆ ಜೀವ ಹೋದಂತೆ. ನಾನು ಧೈರ್ಯ ಹೇಳುವ ಬದಲು ಪಾಠ ಹೇಳಿದೆ.

“ನಾನೇನ್ ತಿಂತೀನ್ರೀ? ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಅನ್ನ,” ಎಂದಳು.

“ಎರಡು ಇಡ್ಲಿಗೆ ಯಾರೂ ಹೀಗಾಗಲ್ಲ,” ಎಂದೆ.

ಸುಳ್ಳು ಹೇಳುತ್ತಿದ್ದೀಯ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೂ ಅವಳಿಗೆ ಕೇಳಿಸಿತು.

ಆ ಹೊತ್ತಿಗೇ ವಿದ್ಯಾರಣ್ಯಪುರಂ ಬಡಾವಣೆಯಲ್ಲಿ ಮನೆಮನೆಗೆ ಹೋಗಿ, ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಬರೆದುಕೊಂಡು ಬಂದೆ. ಎಲ್ಲರದೂ ಒಂದೇ ರಾಗ. “ಏನ್ ತಿಂತೀವಿ ಸಾರ್, ಈಗ ಊಟಾನೇ ಸೇರಲ್ಲ,” ಎನ್ನುತ್ತಲೇ ನನ್ನ ಮುಂದೆ ಕೋಡುಬಳೆ ಇಟ್ಟು, ನಾನು ಬೇಡವೆಂದಾಗ ತಾವೇ ಒಂದೊಂದಾಗಿ ಮುಗಿಸಿದ ಹಿರಿಯರೊಬ್ಬರಿದ್ದರು. ಅವರು ಕೊಟ್ಟ ಲೆಕ್ಕಕ್ಕೆ ಆ ಕೋಡುಬಳೆ ಸೇರಲಿಲ್ಲ. ಬರೆದಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಓಡಿಸಿದೆ. ಯಾವ ಯೋಜನೆಯನ್ನೂ ತರುವ ಮೊದಲೇ, ಅಷ್ಟು ಕಡಿಮೆ ಊಟಕ್ಕೆ ಚುಕ್ಕೆಗಳು ಸೊರಗತೊಡಗಿದವು. ಮೂರನೇ ವರ್ಷದ ಹೊತ್ತಿಗೆ ಇಡೀ ಬಡಾವಣೆ ಪರದೆಯಿಂದ ಮಾಯ.

ಹಿಂದೆ ನಿಂತು ನೋಡುತ್ತಿದ್ದ ನಮ್ಮ ಆಫೀಸಿನ ಮೇಡಂ, “ಏನ್ರೀ, ಬೊಜ್ಜು ಕರಗ್ಸಿ ಅಂದ್ರೆ ಜನಾನೇ ಕರಗಿಸ್ಬುಟ್ರಲ್ಲ,” ಎಂದರು.

“ಜನ ಸುಳ್ಳು ಹೇಳಿದ್ದಾರೆ ಮೇಡಂ.”

“ಎಲ್ಲರೂನಾ? ಯಾವ್ದಾದ್ರೂ ಒಂದು ಅಡುಗೆಮನೇಲಿ ಕೂತು ನೋಡ್ಕೊಂಡು ಬನ್ನಿ.”

ಸಲಿಗೆಯಿಂದ ಕೂರಬಹುದಾದ ಅಡುಗೆಮನೆ ನನಗಿದ್ದುದು ಒಂದೇ, ಕುಂಬಾರಕೊಪ್ಪಲಿನ ನಮ್ಮದು. ಭಾನುವಾರ ಅದರ ಬಾಗಿಲಿಗೆ ಕುರ್ಚಿ ಎಳೆದುಕೊಂಡು, ಪೆನ್ನು ಹಿಡಿದು ಕೂತೆ.

“ಇಲ್ಲೇನ್ ಸಿನಿಮಾ ನಡೀತಿದ್ಯಾ?” ಎಂದಳು ಹೆಂಡತಿ.

ಅವಳು ತಿಂದಿದ್ದು ಸರಿಯಾಗಿ ಎರಡೇ ಇಡ್ಲಿ. ಆಮೇಲೆ ಕಟ್ಟೆ ಒರೆಸುತ್ತಾ, ಉಳಿದಿದ್ದ ಮೂರು ಇಡ್ಲಿಯನ್ನು ನಿಂತಲ್ಲೇ ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡಳು. ಮಧ್ಯಾಹ್ನ ತಟ್ಟೆಗೆ ಒಂದು ಹಿಡಿ ಅನ್ನ, ಹೇಳಿದ ಹಾಗೆಯೇ. ತೊಳೆಯುವ ಮುಂಚೆ ಪಾತ್ರೆಯಲ್ಲಿ ಮಿಕ್ಕ ಅನ್ನಕ್ಕೆ ಮೊಸರು ಕಲಸಿ, ಸಿಂಕಿನ ಪಕ್ಕ ನಿಂತು ಅದನ್ನೂ ತಿಂದಳು.

“ಇದನ್ನ ಹೇಳಲೇ ಇಲ್ವಲ್ಲ ನೀನು?”

“ಇದೇನ್ ತಿನ್ನೋದಾ? ಪಾತ್ರೆ ಖಾಲಿ ಮಾಡೋದು ಕಣ್ರೀ. ನಿಮ್ಮ ಹಳೇ ಅಳತೆಗೇ ಮಾಡಿರ್ತೀನಿ, ನೀವು ಕೈ ಅಡ್ಡ ಹಿಡೀತೀರ. ಅನ್ನ ಚೆಲ್ಲೋಕಾಗುತ್ತಾ?”

ಸೋಮವಾರ ಪ್ರತಿ ಮನೆಯಲ್ಲೂ ಒಂದು ಚುಕ್ಕೆಗೆ ಪಾತ್ರೆ ಖಾಲಿ ಮಾಡುವ ಕೆಲಸ ಒಪ್ಪಿಸಿದೆ. ಬಡಾವಣೆ ಬದುಕಿಕೊಂಡಿತು. ನಂತರ ‘ಊಟ ಕಡಿಮೆ ಮಾಡಿ’ ಎಂದು ಪ್ರಚಾರ ಮಾಡುವ ಯೋಜನೆಯನ್ನು ಓಡಿಸಿದೆ. ಉಳಿದವರೆಲ್ಲ ಸಣ್ಣಗಾದರು. ಮನೆಗೊಂದರಂತೆ ಆ ಚುಕ್ಕೆ ಮಾತ್ರ ಊದುತ್ತಲೇ ಹೋಯಿತು. ಇಂಥ ಎಡವಟ್ಟು ಯೋಜನೆ ಜಾರಿಯಾಗುವ ಮೊದಲೇ ಸಿಕ್ಕಿತಲ್ಲ ಎಂದು ಮೇಡಂಗೆ ಖುಷಿ. ನನಗೆ ಮಾತ್ರ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ನಾನು ಇಳಿಸಿದ ತೂಕವನ್ನು ಇಷ್ಟು ದಿನ ಅವಳ ಮಂಡಿ ಹೊತ್ತಿತ್ತು.

ಸಂಜೆ ಲ್ಯಾಪ್‌ಟಾಪ್ ಮನೆಗೆ ತಂದು ಅವಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

“ಈ ದಪ್ಪಂದು ನಾನಾ?”

“ಹ್ಞೂಂ. ನೀನು ಸುಳ್ಳು ಹೇಳಿರಲಿಲ್ಲ. ತಪ್ಪು ನನ್ನದೇ.”

ಅವಳು ಕನ್ನಡಕ ತೆಗೆದು, “ಇಪ್ಪತ್ತು ವರ್ಷದಿಂದ ಜೊತೇಲಿದ್ದೀನಿ, ನಾನು ಹೇಳಿದ್ರೆ ನಂಬ್ಲಿಲ್ಲ. ನಿನ್ನೆ ಮೊನ್ನೆ ಬಂದ ಚುಕ್ಕೆ ಹೇಳಿದ್ರೆ ನಂಬಿದ್ರಿ,” ಎಂದಳು.