ಗುಂಡು ಕಲೆಗಳ ಮಹಡಿ

ನನ್ನ ಓರಗಿತ್ತಿಯ ಮಹಡಿ ಹೊಳೆಯಿತು, ನನ್ನದು ಹೊಳೆಯಲಿಲ್ಲ. ಇಷ್ಟೇ ಸಂಗತಿ. ಇಷ್ಟಕ್ಕೆ ನಾನು ಅನ್ನ ರುಚಿಸದೆ ತಿರುಗಿದೆನೆಂದರೆ ಈಗಿನವರು ನಗುತ್ತಾರೆ. ನಗಲಿ. ಅವರ ಮನೆಗಳಲ್ಲಿ ಟೈಲ್ಸ್, ಎಲ್ಲರದೂ ಒಂದೇ ಥರ ಹೊಳೆಯುತ್ತದೆ.

ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಮಹಡಿ ಮನೆ. ಮಹಡಿಯ ನೆಲವೆಲ್ಲ ತೇಗದ ಹಲಗೆ, ನಮ್ಮ ಮಾವನವರ ತಂದೆ ಹಾಕಿಸಿದ್ದು. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಒಂದು ಹಲಗೆಯ ಗೋಡೆ ಎದ್ದು ಪಡುವಣದ ದೊಡ್ಡ ಕೋಣೆ, ಅಂದರೆ ಹಾಲು, ನಮಗೆ, ಮೂಡಣದ್ದು ಮೈದುನನಿಗೆ ಬಂತು. ಅತ್ತೆ ಯಾರ ಪಾಲಿಗೂ ಸೇರದೆ ಕೆಳಗಿನ ಕೋಣೆಯಲ್ಲಿ ಉಳಿದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಕೊನೆಯ ನಾದಿನಿಯನ್ನು ನೋಡಲು ಮಾಲೂರಿನ ಕಡೆಯಿಂದ ಗಂಡಿನವರು ಬರುವವರಿದ್ದರು. ಹಿರಿಸೊಸೆ ನಾನು, ಅವರು ಕೂರುವುದು ನನ್ನ ಹಾಲಿನಲ್ಲೇ ಎಂದು ನನ್ನೊಳಗೆ ಆಗಲೇ ತೀರ್ಮಾನವಾಗಿತ್ತು. ಅತ್ತೆ ಹಾಗನ್ನಲಿಲ್ಲ.

“ಎರಡೂ ಕಡೆ ಪಾಲಿಶ್ ಹೊಡೆಸ್ರಮ್ಮಾ. ಯಾವ್ದು ಚೆನ್ನಾಗ್ ಕಾಣ್ಸುತ್ತೋ ಅಲ್ಲೇ ಕೂರ್ಸೋಣ,” ಅಂದುಬಿಟ್ಟರು.

ಅಂದರೆ ನನ್ನ ನೆಲ ಸೋತರೆ ನಾನು ಕಾಫಿ ತಟ್ಟೆ ಹಿಡಿದು ಓರಗಿತ್ತಿಯ ಹೊಸ್ತಿಲು ದಾಟಬೇಕು. ಅವಳು ಸೆರಗು ಹೊದ್ದು ಬಾಗಿಲಲ್ಲಿ ನಿಂತು “ಬನ್ನಿ, ಬನ್ನಿ” ಅನ್ನುತ್ತಾಳೆ. ಅದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ಕೋಲಾರದಿಂದ ಪಾಲಿಶ್ ಮೇಸ್ತ್ರಿ ಬಂದ. ಹಳೆಯ ಬಣ್ಣ ಹೋಗುವವರೆಗೂ ಎರಡೂ ಹಾಲನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯುಂಡೆಯಲ್ಲಿ ಬಳಿದ. ಅದೇ ಡಬ್ಬಿ, ಅದೇ ಉಂಡೆ, ಅದೇ ಕೈ. ಬೆಳಿಗ್ಗೆ ನೋಡಿದರೆ ಅವಳ ನೆಲದಲ್ಲಿ ಕಿಟಕಿಯ ಸರಳುಗಳು ಕಾಣುತ್ತಿವೆ. ನನ್ನ ನೆಲಕ್ಕೆ ಗಜಕರ್ಣ ಹಿಡಿದಿದೆ. ಅಲ್ಲಲ್ಲಿ ಅಂಗೈಯಗಲದ ಗುಂಡು ಕಲೆಗಳು, ಮಂಕಾಗಿ, ಮುಟ್ಟಿದರೆ ಅಂಟಂಟು.

“ತೇವ ಕಣಮ್ಮಾ. ಬಿಸ್ಲು ಏರ್ಲಿ, ಸರಿಹೋಗ್ತದೆ, ಏಮೀ ಕಾದು, ಏನೂ ಆಗಲ್ಲ,” ಅಂದ ಮೇಸ್ತ್ರಿ.

ಕಿಟಕಿಗಳನ್ನೆಲ್ಲ ತೆಗೆದಿಟ್ಟೆ. ಬಿಸಿಲು ಏರಿತು, ಇಳಿಯಿತು, ಕಲೆ ಹಾಗೇ ಇತ್ತು. ಇನ್ನೊಂದು ಕೋಟು ಹೊಡೆಸಿದೆ. ಸುತ್ತಲಿನ ಮರ ಇನ್ನಷ್ಟು ಮಿರುಗಿ ಕಲೆಗಳು ಇನ್ನಷ್ಟು ಎದ್ದು ಕಂಡವು. ಮೇಸ್ತ್ರಿ ಮುಳಬಾಗಿಲಿನಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದೇನೆಂದು ಜಾಗ ಖಾಲಿ ಮಾಡಿದ. ನಾನೇ ಸೀಗೆಪುಡಿ ಹಾಕಿ ತಿಕ್ಕಿದೆ. ವಾಷಿಂಗ್ ಸೋಡಾ ಹಾಕಿ ತಿಕ್ಕಿದ ಕಡೆ ಹಲಗೆ ಕಪ್ಪಗಾಗಿ ಇದ್ದ ಮರ್ಯಾದೆಯೂ ಹೋಯಿತು.

ಅವಳಂತೂ ಹಗಲೆಲ್ಲ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅವಳು ಬಾವಿಗೆ ಹೋದ ಹೊತ್ತು ನೋಡಿ ನಾನು ಒಳಗೆ ನುಗ್ಗಿ, ಮಂಡಿಯೂರಿ, ಅವಳ ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಾಜಿನ ಹಾಗೆ ಗಟ್ಟಿ. ಮೇಸ್ತ್ರಿಗೆ ಅವಳು ಒಬ್ಬಟ್ಟು ತಿನ್ನಿಸಿ ಒಳ್ಳೆಯ ಅರಗನ್ನೆಲ್ಲ ತನ್ನ ಕಡೆ ಬಳಿಸಿಕೊಂಡಳೆಂದು ಅಲ್ಲೇ ತೀರ್ಪು ಕೊಟ್ಟೆ.

ನಮ್ಮ ಯಜಮಾನರಿಗೆ ಹೇಳಿದರೆ ನಕ್ಕರು. “ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ.”

“ಇಲ್ಲಿ ನೆಲಾನೇ ಡೊಂಕು,” ಅಂದೆ. ಅವತ್ತು ಅವರಿಗೆ ಮುದ್ದೆಗೆ ಸಾರು ಕಡಿಮೆ ಬಿತ್ತು.

ಗಂಡಿನವರು ಬರುವ ದಿನ ಹತ್ತಿರವಾಗುತ್ತಿತ್ತು. ಒಂದು ಸಂಜೆ ಮೆಟ್ಟಿಲು ಹತ್ತಿ ಬರುವಾಗ ತಲೆ ನೆಲದ ಮಟ್ಟಕ್ಕೆ ಬಂದಾಗ ನಿಂತುಬಿಟ್ಟೆ. ಓರೆ ಬಿಸಿಲಿನಲ್ಲಿ ಕಲೆಗಳು ಸಾಲಾಗಿ ಕಂಡವು. ನಾಲ್ಕು ಇಲ್ಲಿ, ಸ್ವಲ್ಪ ಜಾಗ ಬಿಟ್ಟು ನಾಲ್ಕು ಅಲ್ಲಿ, ಮಂಚಗಳನ್ನು ಎತ್ತಿಕೊಂಡು ಹೋದ ಮೇಲೆ ಕಾಲಿನ ಗುರುತು ಉಳಿದ ಹಾಗೆ.

ಹುಳದ ಸ್ಟ್ಯಾಂಡುಗಳು! ತೋಟದಲ್ಲಿ ಬೇರೆ ಹುಳದ ಮನೆ ಕಟ್ಟಿಸುವ ಮುಂಚೆ ನಾವು ರೇಷ್ಮೆಹುಳ ಸಾಕಿದ್ದು ಇದೇ ಹಾಲಿನಲ್ಲಿ. ಇರುವೆ ಹತ್ತದಿರಲೆಂದು ಹುಳದ ತಟ್ಟೆಗಳನ್ನಿಡುವ ಸ್ಟ್ಯಾಂಡಿನ ಒಂದೊಂದು ಕಾಲನ್ನೂ ತಗಡಿನ ಬಟ್ಟಲಲ್ಲಿ ಇಟ್ಟು, ನೀರು ತುಂಬಿ, ಮೇಲೆ ಪಂಪ್‌ಸೆಟ್ಟಿನ ಸುಟ್ಟೆಣ್ಣೆ ಬಿಡುತ್ತಿದ್ದೆವು. ದಿನಾ ತುಂಬುತ್ತಿದ್ದವಳು ನಾನೇ. ಚೆಲ್ಲಿದ್ದನ್ನೆಲ್ಲ ಮರ ಕುಡಿದು ಕೂತಿತ್ತು. ಎಣ್ಣೆಯ ಮೇಲೆ ಅರಗು ಹೇಗೆ ಹಿಡಿದೀತು?

ಕಾರಣ ಗೊತ್ತಾದರೆ ಸಮಾಧಾನವಾಗುತ್ತದೆ ಅನ್ನುತ್ತಾರೆ. ನನಗೆ ಇಮ್ಮಡಿ ಹೊಟ್ಟೆ ಉರಿಯಿತು. ನಾನು ದುಡಿದೆ, ನನ್ನ ನೆಲ ಕೆಟ್ಟಿತು. ಅವಳ ಕಡೆ ಹಾಸಿಗೆ ಸುರುಳಿಗಳನ್ನು ಬಿಟ್ಟು ಯಾವುದೂ ಇರಲಿಲ್ಲ, ಅವಳದು ಮಿಂಚಿತು.

ರೇಷ್ಮೆ ಸೀರೆಗೆ ಎಣ್ಣೆ ಬಿದ್ದರೆ ಪೌಡರ್ ಉದುರಿಸಿ ಜಿಡ್ಡು ಎಳೆಸುತ್ತೇವಲ್ಲ, ಅದೇ ಉಪಾಯ ಹೂಡಿದೆ. ಕಲೆಗಳ ಮೇಲಿನ ಅರಗನ್ನು ಮೇಸ್ತ್ರಿ ಬಿಟ್ಟುಹೋಗಿದ್ದ ಸ್ಪಿರಿಟ್ಟಿನಲ್ಲಿ ಒರೆಸಿ ಪೌಡರ್ ಸುರಿದೆ. ಅರ್ಧ ಹಾಲಿಗೆ ಡಬ್ಬಿ ಮುಗಿಯಿತು. ಅವಳ ಹತ್ತಿರ ಪೌಡರ್ ಯಾವಾಗಲೂ ಇರುತ್ತಿತ್ತು, ಮುಳಬಾಗಿಲು ಪೇಟೆಯ ಹುಡುಗಿ. ಕೇಳಲು ನನ್ನ ನಾಲಗೆ ಏಳಲಿಲ್ಲ. ನಾದಿನಿ ಹೋಗಿ ಹೇಳಿರಬೇಕು, ಅವಳೇ ಡಬ್ಬಿ ಹಿಡಿದು ಬಂದಳು. ಬಂದವಳು ಹೊಸ್ತಿಲ ಆಚೆಯೇ ನಿಂತಳು.

“ಅಕ್ಕಾ, ಒಳಗ್ ಬರ್ಲಾ?”

ಬಾಗಿಲು ಹಾರುಹೊಡೆದಿತ್ತು, ಕೇಳುವುದೇನು ಅಂದುಕೊಂಡೆ. ಆಮೇಲೆ ಹೊಳೆಯಿತು. ಹುಳ ಇದ್ದ ಕಾಲದಲ್ಲಿ ಅತ್ತೆ ಅವಳನ್ನು ಒಳಗೆ ಬಿಟ್ಟಿರಲೇ ಇಲ್ಲ. ಪೌಡರ್ ವಾಸನೆ, ಮಲ್ಲಿಗೆ ವಾಸನೆ ಹುಳಕ್ಕೆ ಆಗದು ಅನ್ನುತ್ತಿದ್ದರು. ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತು ತಂದು ಮೆಟ್ಟಿಲ ಮೇಲೆ ಇಟ್ಟು ಅವಳು ಇಳಿದು ಹೋಗಬೇಕು. ಹುಳ ಹೋಗಿ ಇಷ್ಟು ಕಾಲವಾದರೂ ಅವಳ ಕಾಲು ಆ ಹೊಸ್ತಿಲನ್ನು ತಾನಾಗಿ ದಾಟಿರಲಿಲ್ಲ.

“ಬಾ,” ಅಂದೆ.

ಅವಳು ಕುಕ್ಕರುಗಾಲಲ್ಲಿ ಕೂತು ಕಲೆಯ ಸುತ್ತ ಬೆರಳಾಡಿಸಿದಳು. “ಇಲ್ಲೇನಾ ಸ್ಟ್ಯಾಂಡು ಇರ್ತಿದ್ದಿದ್ದು? ನೀವೂ ಅತ್ತೇನೂ ಒಳಗೆ ಕೂತು ನಗ್ತಿದ್ರಿ. ಮೆಟ್ಲು ಮೇಲೆ ಕೇಳುಸ್ತಿತ್ತು. ಎಷ್ಟ್ ಹೊಟ್ಟೆ ಉರೀತಿತ್ತು ಗೊತ್ತಾ ಅಕ್ಕಾ ನಂಗೆ?”

ಮಿಕ್ಕ ಕಲೆಗಳಿಗೆ ಅವಳೇ ಪೌಡರ್ ಉದುರಿಸಿದಳು.

ಜಿಡ್ಡು ಸಾಕಷ್ಟು ಎದ್ದಿತು, ಅಂಟು ಹೋಯಿತು. ಆದರೂ ಮತ್ತೆ ನಾನೇ ಅರಗು ಬಳಿದಾಗ ನೆರಳಿನಂತೆ ಗುಂಡುಗಳು ಉಳಿದವು. ಅತ್ತೆ ಎರಡೂ ಕಡೆ ಇಣುಕಿ ನೋಡಿ, ಗಂಡಿನವರನ್ನು ಅವಳ ಹಾಲಿನಲ್ಲೇ ಕೂರಿಸಿದರು. ಅವಳು ಬಾಗಿಲಲ್ಲಿ ನಿಂತು “ಬನ್ನಿ, ಬನ್ನಿ” ಅಂದಳು. ನಾನು ಕಾಫಿ ತಟ್ಟೆ ಹಿಡಿದು ಅವಳ ಹೊಸ್ತಿಲು ದಾಟಿದೆ. ಗಂಡಿನ ತಾಯಿ ನೆಲವನ್ನು ಹೊಗಳಿದಾಗ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ.

ಅವರು ಹೋದ ಮೇಲೆ ಅತ್ತೆ “ಸೊಂಟ ಬಿದ್ದೋಯ್ತು” ಅನ್ನುತ್ತಾ, ಹೊಳೆಯುವ ಹಾಲನ್ನು ಹಿಂದೆ ಬಿಟ್ಟು, ನನ್ನ ಹಾಲಿಗೆ ಬಂದು ಬರಿಯ ಹಲಗೆಯ ಮೇಲೆ ಮಲಗಿದರು. ನಾಲ್ಕು ಕಲೆಗಳ ಒಂದು ಗುಂಪು, ಇನ್ನೊಂದು ಗುಂಪು, ಅವೆರಡರ ನಡುವಿನ ಜಾಗ. ಹುಳ ಮೇಯುವ ಸದ್ದು ಕೇಳುತ್ತಾ ಅವರು ಮಧ್ಯಾಹ್ನ ಒರಗುತ್ತಿದ್ದದ್ದು ಅಲ್ಲೇ. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತೆ. ಗಂಡಿನ ಸೋದರಮಾವ ಕಾಫಿ ಸೊರ್ರೆಂದು ಹೀರಿದ್ದನ್ನು ಅತ್ತೆ ಅಣಕಿಸಿ ತೋರಿಸಿದರು, ಇಬ್ಬರೂ ನಕ್ಕೆವು.

ತಲೆ ಎತ್ತಿದರೆ ಬಾಗಿಲ ಆಚೆ ಓರಗಿತ್ತಿ, ಖಾಲಿ ಲೋಟಗಳ ತಟ್ಟೆ ಕೈಯಲ್ಲಿ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಅಷ್ಟು ದಿನವೂ ಅದನ್ನು ಮುಖದ ಮೇಲೆ ಹೊತ್ತು ತಿರುಗಿದವಳು ನಾನೇ.

ತಕ್ಷಣ ಕರೆಯಬಹುದಿತ್ತು. ಸ್ವಲ್ಪ ಹೊತ್ತು ಅವಳು ನಿಂತಿರಲಿ ಎಂದು ಬಿಟ್ಟು, ಆಮೇಲೆ ಕರೆದೆ.