ಹಿಂದಿನ ಸೀಟಿನಲ್ಲಿದ್ದ ಬ್ಯಾಟರಿ ಚೀಲ

ನಾನೂ ನನ್ನ ಗಂಡನೂ ಮದುವೆಯ ವಿಡಿಯೋ ಮಾಡುವವರು. ಮನೆ ನರಿಮೊಗರಿನಲ್ಲಿ. ಹೆಂಗಸರ ಕಡೆಯ ಕ್ಯಾಮೆರಾ ನನ್ನದು, ಡ್ರೋನ್ ಅವರದು. ಆ ದಿನ ಮರ್ಕಂಜದಲ್ಲಿ ಬೆಳಗಿನ ಮದುವೆ, ಸಂಜೆ ಗುಂಡ್ಯದ ಬಳಿ ಇನ್ನೊಂದು ಮನೆಯ ಔತಣ. ದಾರಿಯಲ್ಲಿ ಕಡಬದ ತಂಗಿಯ ಮನೆಗೆ ಬಿಡಿ ಎಂದು ಅತ್ತೆಯೂ ನಮ್ಮೊಟ್ಟಿಗೆ ಹೊರಟಿದ್ದರು. ನಮ್ಮ ಪುಟ್ಟ ಮಗಳನ್ನು ನೋಡಿಕೊಳ್ಳಲು ಅವರಿದ್ದದ್ದು ನನಗೂ ಅನುಕೂಲವೇ ಆಗಿತ್ತು.

ಮರ್ಕಂಜದಲ್ಲಿ ದಿಬ್ಬಣ ಹೊರಡುವಾಗ ಡ್ರೋನ್ ತೆಂಗಿನ ಮಡಲಿಗೆ ತಾಗಿ ಮುರಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಒಂದು ರೆಕ್ಕೆ ಮುರಿಯಿತು, ಬದಲಿ ರೆಕ್ಕೆ ನಮ್ಮ ಹತ್ತಿರ ಇತ್ತು. ಬ್ಯಾಟರಿಯ ಮೂಲೆ ಸ್ವಲ್ಪ ಒಳಕ್ಕೆ ಹೋಗಿತ್ತು. ಗಂಡ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಇದು ಬೇಡ, ಬಿಡುವ," ಎಂದೆ.

"ಎಂತ ಆಗ್ಲಿಲ್ಲ ಇದಕ್ಕೆ. ಸಂಜೆಗೆ ಇದೂ ಬೇಕಲ್ಲ."

ಡಿಕ್ಕಿಯ ತುಂಬ ಲೈಟು, ಸ್ಟ್ಯಾಂಡು. ಹಾಗಾಗಿ ಗಂಡ ಆ ಬ್ಯಾಟರಿಯನ್ನು ಕಾರಿನ ಚಾರ್ಜರಿಗೆ ಸಿಕ್ಕಿಸಿ, ಉಳಿದ ಬ್ಯಾಟರಿಗಳ ಜೊತೆ ಚೀಲದಲ್ಲಿಟ್ಟು, ಚೀಲವನ್ನು ಹಿಂದಿನ ಸೀಟಿನಲ್ಲಿ ಅತ್ತೆಯ ಕಾಲ ಬುಡಕ್ಕೆ ತಳ್ಳಿದರು. ಬಿಸಿಲಿನಲ್ಲಿ ನಿಂತಿದ್ದ ಕಾರು ಒಲೆಯಂತೆ ಕಾದಿತ್ತು.

ಪಂಜ ದಾಟಿ ಕಡಬದ ಕಡೆ ಹೋಗುತ್ತಿದ್ದೆವು. ಮಗಳು ಅತ್ತೆಯ ಮಡಿಲಲ್ಲಿ ನಿದ್ದೆ ಹೋಗಿದ್ದಳು.

"ಉಗುರಿನ ಬಣ್ಣದ ಬಾಟ್ಲಿ ಚೆಲ್ಲಿದ್ಯಾ ಎಂತ?" ಎಂದರು ಅತ್ತೆ. "ಇಲ್ಲಿ ಅದೇ ವಾಸನೆ ಉಂಟು."

ಅಂಥ ಬಾಟಲಿ ನನ್ನ ಹತ್ತಿರ ಇರಲಿಲ್ಲ. ತಿರುಗಿ ನೋಡಿದೆ. ಚೀಲದ ಒಂದು ಬದಿ ಉಬ್ಬಿ, ಜಿಪ್ಪು ಬಿಗಿದು ನಿಂತಿತ್ತು. ಒಳಗಿನಿಂದ ಹಾವು ಉಸಿರು ಬಿಟ್ಟಂಥ ಸದ್ದು. "ನಿಲ್ಲಿಸಿ, ಗಾಡಿ ನಿಲ್ಲಿಸಿ" ಎನ್ನುವಷ್ಟರಲ್ಲಿ ಬಿಳಿ ಹೊಗೆ ಎದ್ದಿತು.

ಗಂಡ ಬ್ರೇಕ್ ಒತ್ತಿದರು. ಅತ್ತೆ ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು ಬಾಗಿಲಿನ ಹಿಡಿ ಜಗ್ಗುತ್ತಿದ್ದರು. ಅದು ತೆರೆಯಲಿಲ್ಲ. ಮಗಳು ತೆರೆದಾಳೆಂದು ಹಿಂದಿನ ಬಾಗಿಲುಗಳಿಗೆ ನಾವೇ ಲಾಕ್ ಹಾಕಿಟ್ಟಿದ್ದೆವು. ಹೊರಗಿನಿಂದ ಮಾತ್ರ ತೆರೆಯುವ ಲಾಕ್. ನಾನು ಇಳಿದು ಓಡಿದೆನೋ ಬಿದ್ದು ಎದ್ದೆನೋ ಈಗಲೂ ಗೊತ್ತಿಲ್ಲ. ಗಾಜಿನ ಆಚೆ ಹೊಗೆ, ಹೊಗೆಯೊಳಗೆ ಅತ್ತೆಯ ಮುಖ. ಹಿಡಿಯನ್ನು ಎರಡೂ ಕೈಯಿಂದ ಜಗ್ಗಿದೆ. ಬಾಗಿಲು ತೆರೆದದ್ದೇ ಅತ್ತೆ ಮಗಳನ್ನು ನನ್ನ ಮೇಲೆ ಹೆಚ್ಚುಕಡಿಮೆ ಎಸೆದರು.

"ಮೊದಲು ಇವಳನ್ನು ಹಿಡಿ."

ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ. ಮಂಡಿನೋವಿರುವ ಅವರು ಅಷ್ಟು ದೂರ ಹೇಗೆ ಓಡಿದರೋ ಅವರಿಗೇ ತಿಳಿಯದು. ಗಂಡ ಆಚೆ ಬಾಗಿಲಿನಿಂದ ಕ್ಯಾಮೆರಾ ಸ್ಟ್ಯಾಂಡಿನ ಕಾಲನ್ನು ಚೀಲದ ಪಟ್ಟಿಗೆ ಸಿಕ್ಕಿಸಿ ಅದನ್ನು ರಸ್ತೆಗೆ ಎಳೆದು ಹಾಕಿದರು. ಅವರು ಹಿಂದಕ್ಕೆ ಸರಿಯುವುದಕ್ಕೂ ಅದು ಸಿಡಿಯುವುದಕ್ಕೂ ಸರಿಹೋಯಿತು. ಬೆಂಕಿ ಸ್ಟೌವಿನಂತೆ ಒಂದೇ ದಿಕ್ಕಿಗೆ ಚಿಮ್ಮಿತು. ಅದು ತಣಿಯಿತು ಎನ್ನುವಾಗ ಪಕ್ಕದ ಬ್ಯಾಟರಿಗೆ ಬೆಂಕಿ ಹಿಡಿಯಿತು.

ಹತ್ತಿರದ ಅಂಗಡಿಯವರೊಬ್ಬರು ಬಾಲ್ದಿಯಲ್ಲಿ ನೀರು ಹಿಡಿದು ಓಡಿಬಂದರು.

"ಹತ್ತಿರ ಹೋಗ್ಬೇಡಿ ಮಾರಾಯ್ರೆ, ಹೊಗೆ ವಿಷ," ಎಂದು ಗಂಡ ಕೂಗಿದರು. "ಈ ಒಣ ಎಲೆಗೆ ಹಾಕಿ."

ಅವರು ರಸ್ತೆಯಂಚಿನ ತರಗೆಲೆಯ ಮೇಲೆ ನೀರು ಸುರಿದರು, ಮತ್ತೆ ಮತ್ತೆ ತಂದು ಸುರಿದರು. ಎರಡೂ ಕಡೆ ವಾಹನಗಳು ನಿಂತವು. ಎಲ್ಲರೂ ದೂರದಿಂದ ನೋಡಿದೆವು. ಅದು ತಾನಾಗಿ ಉರಿದು ಮುಗಿಯಿತು. ಟಾರಿನ ಮೇಲೆ ಒಂದು ಕಪ್ಪು ಮುದ್ದೆ ಉಳಿಯಿತು.

ಗಂಡನ ಮುಂಗೈಯ ಚರ್ಮ ಸುಟ್ಟಿತ್ತು. ಕಡಬದಲ್ಲಿ ಡಾಕ್ಟರು ಔಷಧ ಹಚ್ಚಿ, ಹೊಗೆ ಕುಡಿದ ಅತ್ತೆಯ ಎದೆ ಪರೀಕ್ಷಿಸಿ, ತೊಂದರೆ ಇಲ್ಲ ಎಂದರು. ಗುಂಡ್ಯದವರಿಗೆ ಫೋನ್ ಮಾಡಿ ಡ್ರೋನ್ ಇಲ್ಲ ಎಂದೆವು. ಆ ಸಂಜೆಯ ಔತಣವನ್ನು ನನ್ನ ಕ್ಯಾಮೆರಾ ಒಂದರಲ್ಲೇ ಮುಗಿಸಿದೆವು.

ಈಗ ನಮ್ಮಲ್ಲಿ ಬಿದ್ದ ಬ್ಯಾಟರಿ, ಉಬ್ಬಿದ ಬ್ಯಾಟರಿ ಮತ್ತೆ ಚಾರ್ಜಿಗೆ ಹೋಗುವುದಿಲ್ಲ. ಒಳ್ಳೆಯವೂ ಅಷ್ಟೆ, ಹಾರಿಸಿ ಬಂದಮೇಲೆ ತಣಿಯುವವರೆಗೆ ಚಾರ್ಜರ್ ಮುಟ್ಟುವುದಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ಅರ್ಧ ಚಾರ್ಜಿನಲ್ಲಿ, ನೆರಳಿನ ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತವೆ. ಗಂಡ ಒಮ್ಮೆ ದುಬೈಗೆ ಕೆಲಸಕ್ಕೆ ಹೋದಾಗ ಪ್ರತಿಯೊಂದರ ತುದಿಗೂ ಟೇಪು ಅಂಟಿಸಿ, ಬೇರೆ ಬೇರೆ ಚೀಲಕ್ಕೆ ಹಾಕಿ, ಕೈಚೀಲದಲ್ಲಿಟ್ಟುಕೊಟ್ಟೆ. ವಿಮಾನದಲ್ಲಿ ಅವು ಪ್ರಯಾಣಿಕರ ಜೊತೆಯೇ ಇರಬೇಕಂತೆ. ಹೊಗೆ ಬಂದರೆ ಯಾರಾದರೂ ನೋಡಬಹುದು, ಅದಕ್ಕೆ. ಸರಿಯಾದ ನಿಯಮವೇ. ಆದರೂ ಅವರು ಇಳಿದು ಫೋನ್ ಮಾಡುವವರೆಗೆ ನನಗೆ ಅನ್ನ ಇಳಿಯಲಿಲ್ಲ.

ಚಾರ್ಜು ಮಾಡುವುದು ಹಗಲಲ್ಲಿ, ಹೊರಗಿನ ಸಿಮೆಂಟು ಜಗಲಿಯಲ್ಲಿ. ಯಾರಾದರೊಬ್ಬರು ಹತ್ತಿರ ಇರಲೇಬೇಕು. ಹೆಚ್ಚಾಗಿ ಅತ್ತೆಯೇ ಕುರ್ಚಿ ಹಾಕಿ ಕೂರುತ್ತಾರೆ. ಗಂಡನಂತೆ ನಾನೂ ಅವರನ್ನು ಉಮ್ಮ ಎಂದೇ ಕರೆಯುವುದು.

"ಒಳಗೆ ಹೋಗಿ ಮಲಗಿ ಉಮ್ಮ, ನಾನು ನೋಡ್ತೇನೆ," ಎಂದರೆ, "ಒಳಗೆ ಹೋದ್ರೆ ನಿದ್ದೆ ಎಲ್ಲಿ ಬರ್ತದೆ ನಂಗೆ?" ಎನ್ನುತ್ತಾರೆ.

ನಾನೂ ಇನ್ನೊಂದು ಕುರ್ಚಿ ತರುತ್ತೇನೆ.