ಅವ್ವನಿಗೆ ಹೇಳದೆ ನೋಡಿದ ಸಮುದ್ರ

ನಮ್ಮ ಮನೆಯಲ್ಲಿ ಯಾರಾದರೂ ಊರು ಬಿಟ್ಟು ಹೋಗಬೇಕೆಂದರೆ ಮೊದಲು ರೇಷ್ಮೆ ಹುಳುಗಳನ್ನು ನೋಡಬೇಕು. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಪೊರೆ ಕಳಚಲು ತಲೆ ಎತ್ತಿ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವ ಕೆಲಸವಿಲ್ಲ. ಮದುವೆ, ಆಸ್ಪತ್ರೆ, ನೆಂಟರ ಮನೆ ಎಲ್ಲ ಆ ಬಿಡುವಿನಲ್ಲೇ ಮುಗಿಯಬೇಕು. ನಾಲ್ಕನೇ ಜ್ವರ ಮುಗಿಸಿ ಹುಳು ಎದ್ದವೆಂದರೆ ಮುಗಿಯಿತು, ಹಗಲು ರಾತ್ರಿ ತಿನ್ನುತ್ತವೆ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಅಪ್ಪ ತೀರಿಕೊಂಡ ಮೇಲೆ ಹುಳುಮನೆ ಅವ್ವನ ಕೈಗೆ ಬಂದಿತ್ತು. ಸೊಪ್ಪು ತರಲು ನಾನು, ಹಾಕಲು ಅಜ್ಜಿ ಜೊತೆಗಿರುತ್ತಿದ್ದೆವು. ಅಜ್ಜಿ ಮಂಡಿನೋವಿಗೆ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಳು, ನೋವು ಒಸಿ ಕಡಿಮೆಯಾಗಿದ್ದರೂ ಹರಕೆ ತೀರಿರಲಿಲ್ಲ. ಆ ಸಲ ಹುಳು ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ನಾನು ಕೆಲಸಕ್ಕೆ ಹೋಗುವ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ನನಗೂ ರಜೆ ಸಿಕ್ಕಿತು. ಅವ್ವನೇ ನಮ್ಮನ್ನು ರಾತ್ರಿ ಬಸ್ಸಿಗೆ ಹೊರಡಿಸಿದಳು. ಬೆಳಿಗ್ಗೆ ದರ್ಶನ ಮುಗಿಸಿ, ಅಲ್ಲಿ ಇಲ್ಲಿ ನಿಲ್ಲದೆ, ಕತ್ತಲಾಗುವುದರೊಳಗೆ ಬಂದುಬಿಡಿ ಎಂದಳು.

ದರ್ಶನ ಬೇಗ ಆಯಿತು. ವಾಪಸ್ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಇನ್ನೊಂದು ಬಸ್ಸಿನ ಕಂಡಕ್ಟರ್ ಮಂಗಳೂರು, ಮಂಗಳೂರು ಎಂದು ಕೂಗಿದ.

‘ಸಮುದ್ರ ಐತಲ್ಲ, ಆ ಮಂಗ್ಳೂರಾ?’ ಅಜ್ಜಿ ಕೇಳಿದಳು.

ಹೂಂ ಎಂದೆ. ಎಷ್ಟು ಹೊತ್ತಿನ ದಾರಿ ಎಂದಳು. ಅದನ್ನೂ ಹೇಳಿದೆ. ಹೋಗೋಣವಾ ಎಂದು ಅವಳು ಬಾಯಿಬಿಟ್ಟು ಕೇಳಿದ್ದರೆ ಬೇಡ ಎನ್ನಬಹುದಿತ್ತು. ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಆ ಬಸ್ಸಿನ ಮೆಟ್ಟಿಲನ್ನೇ ನೋಡುತ್ತಾ ನಿಂತಳು. ಕೈ ಹಿಡಿದು ಹತ್ತಿಸಿದೆ. ಹುಳು ಏಳುವುದು ನಡುರಾತ್ರಿಯಾದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಸಮುದ್ರದ ದಂಡೆಯಲ್ಲಿ ಅಜ್ಜಿ, ದೇವಸ್ಥಾನದ ಹೊರಗೆ ಬಿಡುವ ಹಾಗೆ ಚಪ್ಪಲಿಯನ್ನು ದೂರದಲ್ಲೇ ಬಿಟ್ಟು, ಕೈ ಮುಗಿದುಕೊಂಡೇ ಮರಳಿನಲ್ಲಿ ನಡೆದಳು. ಮೊದಲ ಅಲೆಗೆ ಹೆದರಿ ನನ್ನ ತೋಳು ಹಿಡಿದಳು. ಆಮೇಲೆ ನೀರು ಬರುವ ಜಾಗದಲ್ಲೇ ಕಾಲು ಚಾಚಿ ಕುಳಿತುಬಿಟ್ಟಳು. ಮೈಮೇಲೆ ಬೀಳುವ ಕರುವನ್ನು ಗದರಿಸುವಂತೆ ಅಲೆಯನ್ನು ‘ಹೋಗತ್ಲಾಗೆ’ ಎಂದು ಗದರಿಸಿ ತಾನೇ ನಗುತ್ತಿದ್ದಳು. ಇಷ್ಟು ನೀರಿಟ್ಟುಕೊಂಡು ಈ ಜನ ಒಂದು ಗದ್ದೆಯನ್ನೂ ಮಾಡಿಲ್ಲವಲ್ಲ ಎಂದು ಬೈದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ಅವ್ವನ ಫೋನ್ ಬಂತು. ಸೆಕೆಗೆ ಹುಳು ಬೇಗ ಎದ್ದಿದ್ದವು. ಎಲ್ಲಿದ್ದೀರಿ ಎಂದಳು.

‘ಇನ್ನೂ ಕ್ಯೂನಲ್ಲೇ ಇದೀವಿ ಕಣವ್ವ, ಶಾನೆ ಜನ’ ಎಂದೆ.

ಅದೇನು ಸದ್ದು ಎಂದು ಕೇಳಿದಳು. ಗಾಳಿ ಎಂದೆ. ಅವಳು ಅನುಮಾನಪಡಲಿಲ್ಲ. ಕ್ಯೂನಲ್ಲಿ ನಿಂತು ಅಜ್ಜಿಗೆ ತಲೆ ಸುತ್ತೀತು, ಏನಾದರೂ ತಿನ್ನಿಸು ಎಂದು ಹೇಳಿ ಫೋನ್ ಇಟ್ಟಳು.

ಅಜ್ಜಿಗೆ ಎಲ್ಲ ಕೇಳಿಸಿತ್ತು. ನಗು ನಿಂತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ನೀರಿನ ಬಾಟಲಿ ಇಸಿದುಕೊಂಡು, ಇದ್ದ ನೀರು ಚೆಲ್ಲಿ, ಅಲೆಗೆ ಹಿಡಿದು ತುಂಬಿಸಿದಳು.

‘ಅವ್ಳೂ ಕಂಡಿಲ್ವಲ್ಲ’ ಎಂದಳು.

ಬೆಳಿಗ್ಗೆ ಮನೆ ತಲುಪಿದೆವು. ಅವ್ವ ಒಬ್ಬಳೇ ರಾತ್ರಿಯೆಲ್ಲ ಸೊಪ್ಪು ಹಾಕಿದ್ದಳು. ಕಣ್ಣು ಕೆಂಪಾಗಿದ್ದವು, ಸೊಪ್ಪಿನ ಕರೆ ಹತ್ತಿ ಬೆರಳೆಲ್ಲ ಕಪ್ಪಾಗಿದ್ದವು. ಹೊರಗಿಂದ ಬಂದವರು ಸ್ನಾನ ಮಾಡದೆ ಹುಳುಮನೆಗೆ ಕಾಲಿಡುವ ಹಾಗಿಲ್ಲ. ಅಜ್ಜಿ ಬಚ್ಚಲಿಗೆ ಹೋದಳು. ನಾನು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದೆ. ಅವ್ವ ಪ್ರಸಾದ ತೆಗೆದಿಡಲು ಜಗುಲಿಯ ಮೇಲಿದ್ದ ಬ್ಯಾಗು ಬಿಚ್ಚಿದಳು. ಪ್ರಸಾದದ ಪಕ್ಕದಲ್ಲೇ ಬಾಟಲಿ ಇತ್ತು. ತೀರ್ಥವೆಂದುಕೊಂಡು ಕಣ್ಣಿಗೊತ್ತಿಕೊಂಡಳು. ಅಂಗೈಗೆ ಸುರಿದುಕೊಂಡಳು. ನಾನು ನೋಡುತ್ತಲೇ ಇದ್ದೆ. ಬಾಯಿಗೆ ಹಾಕಿಕೊಂಡವಳು ಮುಖ ಕಿವುಚಿದಳು, ಆದರೆ ತೀರ್ಥವನ್ನು ಉಗುಳಬಾರದಲ್ಲ, ನುಂಗಿಬಿಟ್ಟಳು. ಒದ್ದೆ ಕೈಯನ್ನು ತಲೆಗೂ ಸವರಿಕೊಂಡಳು.

ಸ್ನಾನ ಮುಗಿಸಿ ಬಂದ ಅಜ್ಜಿ ಬಾಗಿಲಲ್ಲೇ ನಿಂತಳು.

‘ತೀರ್ಥ ಯಾಕತ್ತೆ ಇಷ್ಟ್ ಉಪ್ಪು?’

‘ತೀರ್ಥ ಅಲ್ಲ ಕಣವ್ವ. ಸಮುದ್ರದ್ದು’ ಎಂದಳು ಅಜ್ಜಿ.

ಅವ್ವ ನನ್ನ ಕಡೆ ತಿರುಗಿದಳು. ಫೋನಿನಲ್ಲಿ ಕೇಳಿದ ಗಾಳಿ ಯಾವುದೆಂದು ಅವಳಿಗೆ ಆಗ ಗೊತ್ತಾಗಿರಬೇಕು. ಬಾಟಲಿಯ ಮುಚ್ಚಳ ನಿಧಾನವಾಗಿ ತಿರುಗಿಸಿ ಕೆಳಗಿಟ್ಟಳು.

‘ನಂಗೊಂದ್ ಮಾತು ಹೇಳಿದ್ರೆ ಬ್ಯಾಡ ಅಂತಿದ್ನಾ?’

‘ಅಂತಿರ್ನಿಲ್ಲ. ಹೋಗ್ಬನ್ನಿ ಅಂತಿದ್ದೆ’ ಎಂದಳು ಅಜ್ಜಿ. ‘ನೀನ್ ಹಂಗಂದ್ಮೇಲೆ ನಂಗೆ ಹೋಗಕ್ಕೆ ಮನ್ಸು ಬರ್ತಿರ್ನಿಲ್ಲ. ಅದ್ಕೇ ಹೇಳ್ನಿಲ್ಲ.’

ಅವ್ವ ಹುಳು ಕಾಯುತ್ತಿವೆ ಎಂದು ಒಳಗೆ ಹೋದಳು. ಅಜ್ಜಿ ಹಿಂದೆಯೇ ಹೋದಳು, ನಾನೂ ಸ್ನಾನ ಮುಗಿಸಿ ಹೋದೆ, ಮೂವರೂ ಸಂಜೆಯವರೆಗೆ ಸೊಪ್ಪು ಹಾಕಿದೆವು. ಆ ಬೆಳೆ ಚೆನ್ನಾಗಿಯೇ ಆಯಿತು. ಕೆಟ್ಟಿದ್ದರೆ ಅವ್ವ ಬೈದಾದರೂ ಬೈಯುತ್ತಿದ್ದಳು. ಅಜ್ಜಿ ಸಮುದ್ರ ನೋಡಿದ್ದನ್ನು ಊರಲ್ಲಿ ಇವತ್ತಿಗೂ ಯಾರಿಗೂ ಹೇಳಿಲ್ಲ.

ಮೊನ್ನೆ ಸೊಪ್ಪು ಕತ್ತರಿಸುತ್ತಾ ಕೂತಿದ್ದ ಅವ್ವ, ತಲೆ ಎತ್ತದೆ, ಅಲ್ಲಿ ಹೆಂಗಸರಿಗೆ ಒದ್ದೆ ಸೀರೆ ಬದಲಾಯಿಸಲು ಮರೆ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಮುಂದಿನ ಜ್ವರಕ್ಕೆ ಹೋಗಿಬರೋಣ ಬಾ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳುವ ಮೊದಲೇ, ಅವಳು ಹೊರಟರೆ ಹುಳು ನೋಡುವವರು ಯಾರು ಎಂಬ ಯೋಚನೆ ನನ್ನ ತಲೆಗೂ ಬಂತು. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮತ್ತೆ ಸೊಪ್ಪು ಕತ್ತರಿಸತೊಡಗಿದಳು.